ಬರಗಾಲದ ಶೆನಾಂಡೋವಾ: ಗಾಳ ಹಿಡಿದು ಹೊರಡುವ ಮುಂಚೆ

ಎಂಟು ಮೈಲಿ ದೋಣಿಯಲ್ಲಿ ಹೋಗೋಣ ಅಂತ ಹೊರಟು, ಅದರಲ್ಲಿ ಮೂರು ಮೈಲಿ ದೋಣಿಯನ್ನೇ ಎಳೆದುಕೊಂಡು ನಡೆದವನು ನಾನು. ಆಗಸ್ಟ್ ತಿಂಗಳು. ವಾರಗಟ್ಟಲೆ ಮಳೆ ಇರಲಿಲ್ಲ. ಅಮೆರಿಕದ ವರ್ಜೀನಿಯಾದ ಶೆನಾಂಡೋವಾ ನದಿಯ ಸೌತ್ ಫೋರ್ಕ್ ಎಂಬ ಕವಲಿನಲ್ಲಿ ಬಂಡೆಗಳ ಬೆನ್ನು ಎದ್ದು ಕಾಣುತ್ತಿತ್ತು. ನೂರು ಅಡಿ ಹೋಗುವಷ್ಟರಲ್ಲಿ ದೋಣಿ ಕರಕರ ಎಂದು ಕಲ್ಲಿನ ಮೇಲೆ ಕೂರುತ್ತಿತ್ತು. ಇಳಿ, ಎಳೆ, ಹತ್ತು, ಮತ್ತೆ ಇಳಿ. ಇಡೀ ದಿನದಲ್ಲಿ ಗಾಳ ಹಾಕಿದ್ದು ಹೆಚ್ಚೆಂದರೆ ಅರ್ಧ ಗಂಟೆ. ಕತ್ತಲಾದ ಮೇಲೆ ಕಾರು ಸೇರಿದಾಗ ಫೋನಿನಲ್ಲಿ ಹೆಂಡತಿಯ ಏಳು ಮಿಸ್ಡ್ ಕಾಲ್. ನದಿಯ ತಪ್ಪೇನೂ ಇರಲಿಲ್ಲ. ಹೊರಡುವ ಮುಂಚೆ ಎರಡು ಅಂಕೆ ನೋಡದೆ ಹೋದದ್ದು ನನ್ನ ತಪ್ಪು.

ಒಂದು, ನದಿಯಲ್ಲಿ ಎಷ್ಟು ನೀರು ಹರಿಯುತ್ತಿದೆ. ಇನ್ನೊಂದು, ಆ ನೀರು ಎಷ್ಟು ಬಿಸಿಯಿದೆ. ಬರಗಾಲದಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಹಿಡಿಯಲು ಹೋಗಬೇಕೋ, ಎಷ್ಟು ಹೊತ್ತು ಇರಬೇಕೋ, ಅಥವಾ ಮನೆಯಲ್ಲೇ ಇರಬೇಕೋ ಎಂಬುದನ್ನು ಈ ಎರಡು ಅಂಕೆಗಳೇ ಹೇಳುತ್ತವೆ. ಉತ್ತರ ವರ್ಜೀನಿಯಾದಲ್ಲಿ ನಮ್ಮವರು ಬಹಳ ಜನ ಇದ್ದಾರೆ. ಆ್ಯಶ್‌ಬರ್ನ್, ಹರ್ನ್‌ಡನ್ ಕಡೆಯಿಂದ ಈ ನದಿಯ ದಡದ ಫ್ರಂಟ್ ರಾಯಲ್ ಊರಿಗೆ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಆದ್ದರಿಂದ ಈ ನದಿಯನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪೊಟೋಮ್ಯಾಕ್, ಜೇಮ್ಸ್ ನದಿಗಳಿಗೂ ಇದೇ ಲೆಕ್ಕ ನಡೆಯುತ್ತದೆ.

ಮೀನಿನ ಬಗ್ಗೆ ಒಂದು ಮಾತು. ಕಂಚಿನ ಮೈಬಣ್ಣ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ, ಕೆಂಪು ಕಣ್ಣು. ಗಾತ್ರಕ್ಕೆ ಮೀರಿದ ಜೋರು. ಇದು ಈ ನದಿಯ ಮೂಲನಿವಾಸಿಯೇನಲ್ಲ. 1854ರಲ್ಲಿ ಒಹಾಯೊ ನದಿಯ ಕಡೆಯ ಒಂದು ತೊರೆಯಿಂದ ಹಿಡಿದ ಕೆಲವು ಮೀನುಗಳನ್ನು ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ಇಟ್ಟು, ಗುಡ್ಡ ದಾಟಿಸಿ, ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್ ಹತ್ತಿರ ಬಿಟ್ಟರು. ಪೊಟೋಮ್ಯಾಕ್ ಕೊಳ್ಳದಲ್ಲಿ ಅದರ ಸಂಸಾರ ಶುರುವಾದದ್ದು ಹಾಗೆ. ನಮ್ಮ ಹಾಗೆ ಅದೂ ವಲಸೆ ಬಂದದ್ದೇ!

ಗುರುವಾರ: ಬರದ ನಕ್ಷೆ

ಶನಿವಾರ ಹೋಗಬೇಕು ಅಂದರೆ ತಯಾರಿ ಗುರುವಾರ ಶುರು. ಅಮೆರಿಕದ ಬರ ನಕ್ಷೆ, ಅಂದರೆ ಡ್ರಾಟ್ ಮಾನಿಟರ್, ಪ್ರತಿ ಗುರುವಾರ ಬೆಳಿಗ್ಗೆ ಬರುತ್ತದೆ. ಡಿ0ಯಿಂದ ಡಿ4ರವರೆಗೆ ಐದು ಮಟ್ಟ. ಡಿ0 ಅಂದರೆ ನೆಲ ಒಣಗುತ್ತಿದೆ ಅಷ್ಟೆ. ಡಿ2ರಿಂದ ಮೇಲೆ ತೀವ್ರ ಬರ.

ಇದನ್ನು ನೋಡಿ ಪ್ರವಾಸ ನಿಲ್ಲಿಸಬೇಡಿ. ಈ ನಕ್ಷೆ ಮಣ್ಣು, ಬೆಳೆ, ಅಂತರ್ಜಲ ಎಲ್ಲವನ್ನೂ ಸೇರಿಸಿ ಹೇಳುತ್ತದೆ, ನಿಮ್ಮ ಮಡುವಿನಲ್ಲಿ ಎಷ್ಟು ನೀರಿದೆ ಎಂದು ಹೇಳುವುದಿಲ್ಲ. ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವುದಕ್ಕೆ ಮಾತ್ರ ಇದು ಉಪಯೋಗ. ಚಿಕ್ಕ ನದಿ ಮೊದಲು ಸೊರಗುತ್ತದೆ. ರ‍್ಯಾಪಿಡಾನ್, ರಾಪಹ್ಯಾನಕ್, ಶೆನಾಂಡೋವಾದ ನಾರ್ತ್ ಫೋರ್ಕ್ ಇವೆಲ್ಲ ಬೇಗ ಬತ್ತುತ್ತವೆ. ಸೌತ್ ಫೋರ್ಕ್ ಸ್ವಲ್ಪ ತಡೆಯುತ್ತದೆ. ಪೊಟೋಮ್ಯಾಕ್, ಜೇಮ್ಸ್, ನ್ಯೂ ರಿವರ್ ಇನ್ನೂ ಜಾಸ್ತಿ ದಿನ ತಡೆಯುತ್ತವೆ. ನಕ್ಷೆ ಕಡುಗೆಂಪಾಗಿದ್ದರೆ ದೊಡ್ಡ ನದಿ ಹಿಡಿಯಿರಿ.

ಶುಕ್ರವಾರ ಸಂಜೆ: ಕ್ಯೂಸೆಕ್ ಲೆಕ್ಕ

ಅಮೆರಿಕದ ಭೂವೈಜ್ಞಾನಿಕ ಇಲಾಖೆ, ಯುಎಸ್‌ಜಿಎಸ್, ನದಿಗಳ ಉದ್ದಕ್ಕೂ ಮಾಪನ ಕೇಂದ್ರಗಳನ್ನು ಇಟ್ಟಿದೆ. ಸೌತ್ ಫೋರ್ಕ್‌ಗೆ ಲೂರೇ ಹತ್ತಿರ ಒಂದು, ಫ್ರಂಟ್ ರಾಯಲ್‌ನಲ್ಲಿ ಒಂದು ನೋಡಿಕೊಂಡರೆ ಸಾಕು. ಅಂಕೆ ಸಾಮಾನ್ಯವಾಗಿ ಹದಿನೈದು ನಿಮಿಷಕ್ಕೊಮ್ಮೆಯದು. ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ.

ಅಲ್ಲಿ ಸಿಎಫ್‌ಎಸ್ ಎಂದು ಬರೆದಿರುತ್ತದೆ. ಗಾಬರಿ ಬೇಡ. ಅದು ನಮ್ಮ ಕ್ಯೂಸೆಕ್ಕೇ. ಕಾವೇರಿ ಜಗಳದ ಸುದ್ದಿ ಓದುತ್ತಾ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ಬಿಡಿ ಎಂದು ಆದೇಶವಾದದ್ದು 5,000 ಕ್ಯೂಸೆಕ್. ಆ ಅಳತೆ ತಲೆಯಲ್ಲಿದ್ದರೆ, ಸೌತ್ ಫೋರ್ಕ್‌ನಲ್ಲಿ 300 ಕ್ಯೂಸೆಕ್ ಎಂದು ಕಂಡಾಗ ನದಿ ಎಷ್ಟು ಬಡವಾಗಿದೆ ಎಂದು ತಾನಾಗಿ ಹೊಳೆಯುತ್ತದೆ.

ಆದರೆ ಬರೀ ಇವತ್ತಿನ ಅಂಕೆ ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಇದೇ ದಿನಾಂಕದಲ್ಲಿ ಹಿಂದಿನ ವರ್ಷಗಳಲ್ಲಿ ಸಾಮಾನ್ಯವಾಗಿ ಎಷ್ಟಿರುತ್ತಿತ್ತು ಎಂಬುದನ್ನೂ ಅದೇ ಗ್ರಾಫ್‌ನಲ್ಲಿ ತೋರಿಸಬಹುದು. ಆ ಸಾಮಾನ್ಯ ಅಂಕೆಯ ಜೊತೆ ಇವತ್ತಿನದನ್ನು ಹೋಲಿಸಿ. ನಾನು ನನಗಾಗಿ ಮಾಡಿಕೊಂಡ ಲೆಕ್ಕ ಇದು. ಸಾಮಾನ್ಯದ ಮುಕ್ಕಾಲು ಪಾಲು ಇದ್ದರೆ ದೋಣಿ ಆಗಬಹುದು, ದೂರ ಕಡಿಮೆ ಇಟ್ಟುಕೊಳ್ಳಬೇಕು. ಅರ್ಧಕ್ಕೆ ಬಂದರೆ ದೋಣಿ ಬಿಟ್ಟು ನಡೆದೇ ಗಾಳ ಹಾಕುವುದು. ಅದಕ್ಕೂ ಕೆಳಗಿದ್ದರೆ ತಾಪ ನೋಡಿ ತೀರ್ಮಾನ. ಇದು ಯಾವ ಇಲಾಖೆಯ ನಿಯಮವೂ ಅಲ್ಲ. ಮೊಣಕಾಲು ತರಚಿಸಿಕೊಂಡು ಕಲಿತದ್ದು.

ಪಕ್ಕದಲ್ಲಿ ಅಡಿಗಳಲ್ಲಿ ಇನ್ನೊಂದು ಅಂಕೆ ಇರುತ್ತದೆ. ಅದು ನದಿಯ ಆಳ ಅಂತ ಬಹಳ ಜನ ತಿಳಿಯುತ್ತಾರೆ. ಅಲ್ಲ. ಅಲ್ಲಿ ನೆಟ್ಟ ಅಳತೆಪಟ್ಟಿಯ ಮೇಲೆ ನೀರು ಎಲ್ಲಿಗೆ ನಿಂತಿದೆ ಎಂಬುದಷ್ಟೇ. ಎರಡು ಅಡಿ ಎಂದು ತೋರಿಸುವ ದಿನ ನಡುನದಿಯಲ್ಲಿ ಪಾದ ಮಾತ್ರ ಮುಳುಗಬಹುದು, ಪಕ್ಕದ ಮಡುವಿನಲ್ಲಿ ಆಳು ಮುಳುಗಬಹುದು. ಒಂದು ನದಿಯ ಅಡಿಯನ್ನು ಇನ್ನೊಂದು ನದಿಯ ಅಡಿಯ ಜೊತೆ ಹೋಲಿಸಲೂಬಾರದು.

ಕೊನೆಗೆ ಗ್ರಾಫ್‌ನ ಗೆರೆ ನೋಡಿ. ಮೆಲ್ಲಗೆ ಇಳಿಯುತ್ತಿದ್ದರೆ ಸರಿ. ಸಡನ್ನಾಗಿ ಮೇಲೆ ಹಾರಿದ್ದರೆ ಮೇಲ್ಗಡೆ ಎಲ್ಲೋ ಗುಡುಗು ಮಳೆ ಬಿದ್ದಿದೆ. ಒಣಗಿದ ನೆಲದ ಮೇಲೆ ಬಿದ್ದ ಮೊದಲ ಜೋರು ಮಳೆ ಹೊಲದ ಗೊಬ್ಬರ, ದನದ ಸಗಣಿ ಎಲ್ಲ ತೊಳೆದು ತರುತ್ತದೆ. ಆ ದಿನ ಬೇಡ. ಎರಡು ದಿನ ಬಿಟ್ಟು, ನೀರು ತಿಳಿಯಾಗುತ್ತಾ ಇಳಿಯುವಾಗ ಹೋದರೆ, ಆಹಾ, ಇಡೀ ಬೇಸಿಗೆಯ ಒಳ್ಳೆಯ ದಿನ ಅದೇ ಆಗಿರಬಹುದು.

ನೀರಿನ ತಾಪ: ಇಲ್ಲೇ ಎಲ್ಲರೂ ಎಡವುವುದು

ಹತ್ತು ಡಾಲರಿನ ಒಂದು ಥರ್ಮಾಮೀಟರ್ ಕೊಂಡುಕೊಳ್ಳಿ. ಐವತ್ತು ಡಾಲರಿನ ಲ್ಯೂರ್‌ಗಳಿಗಿಂತ (ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ನಕಲಿ ಆಹಾರ) ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಕೆಲವು ಮಾಪನ ಕೇಂದ್ರಗಳು ತಾಪವನ್ನೂ ತೋರಿಸುತ್ತವೆ, ಎಲ್ಲವೂ ತೋರಿಸುವುದಿಲ್ಲ.

ಸ್ಮಾಲ್‌ಮೌತ್‌ಗೆ ಹಿತವಾದ ನೀರು ಸುಮಾರು 68ರಿಂದ 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20ರಿಂದ 27 ಸೆಲ್ಸಿಯಸ್. 85 ಫ್ಯಾರನ್‌ಹೀಟ್ ಹತ್ತಿರ ಬಂತೆಂದರೆ ಅದಕ್ಕೆ ಕಷ್ಟ ಶುರು. ಆಗ ಗಾಳಕ್ಕೆ ಸಿಕ್ಕಿ ಹೋರಾಡಿದ ಮೀನನ್ನು ನಾವು ಎಷ್ಟು ನಾಜೂಕಾಗಿ ಬಿಟ್ಟರೂ ಅದು ಬದುಕುತ್ತದೆ ಎಂದು ಹೇಳಲಾಗುವುದಿಲ್ಲ. ಈಜಿಕೊಂಡು ಹೋದದ್ದು ನಮ್ಮ ಕಣ್ಣಿಗೆ ಕಾಣುತ್ತದೆ, ಆಮೇಲೆ ಸತ್ತದ್ದು ಕಾಣುವುದಿಲ್ಲ.

ಕಾರಣ ಉಸಿರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳಬಲ್ಲದು. 30ಕ್ಕೆ ಏರಿದರೆ ಸುಮಾರು ಏಳೂವರೆ ಮಾತ್ರ. ಅದೇ ಹೊತ್ತಿಗೆ ಬಿಸಿಯಲ್ಲಿ ಮೀನಿನ ಮೈಗೆ ಉಸಿರು ಜಾಸ್ತಿ ಬೇಕು. ಆದಾಯ ಕಡಿಮೆ, ಖರ್ಚು ಜಾಸ್ತಿ.

ಹಾಗಾದರೆ ಬೆಳಗಿನ ಜಾವ ತಂಪಿರುತ್ತದೆ, ಆಗಲೇ ಹೋದರಾಯಿತು ಅನ್ನುತ್ತೀರಿ. ಬಹುಪಾಲು ಸರಿ. ಆದರೆ ಒಂದು ಕೊಂಕು ಇದೆ. ಬರದಲ್ಲಿ ನೀರು ತಿಳಿಯಾಗಿ, ಬಿಸಿಲು ತಳದವರೆಗೆ ಇಳಿದು, ಪಾಚಿ ಮತ್ತು ನೀರುಹುಲ್ಲು ಹಬ್ಬುತ್ತದೆ. ಅವು ಹಗಲು ಆಮ್ಲಜನಕ ಬಿಡುತ್ತವೆ, ರಾತ್ರಿಯಿಡೀ ಅದನ್ನೇ ಹೀರುತ್ತವೆ. ಹಾಗಾಗಿ ನಿಂತ ಮಡುವಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ತಾಪವೂ ಅದೇ ಹೊತ್ತಿಗೆ ತೀರಾ ಕಡಿಮೆ. ಎರಡೂ ಬೇಕು ಅಂದರೆ ಏನು ಮಾಡಬೇಕು? ಬೆಳಗ್ಗೆ ಬೇಗ ಹೋಗಿ, ಆದರೆ ನಿಂತ ನೀರಿಗೆ ಹೋಗಬೇಡಿ. ಕಲ್ಲುಗಳ ಮೇಲೆ ಜುಳುಜುಳು ಹಾರಿ ಬರುವ ನೀರಿನ ಬುಡಕ್ಕೆ ಹೋಗಿ. ಅಲ್ಲಿ ನೀರು ಗಾಳಿಯ ಜೊತೆ ಬೆರೆಯುತ್ತದೆ. ಮೀನೂ ಅಲ್ಲೇ ಇರುತ್ತದೆ. ಎಂಟು ಗಂಟೆಯ ಮೇಲೆ ಮಡುವಿನ ಅಂಚಿನ ಕಡೆ ಬನ್ನಿ.

ನನ್ನ ಪದ್ಧತಿ ಹೀಗಿದೆ. ನೀರಿಗಿಳಿದ ತಕ್ಷಣ ನೆರಳಿನಲ್ಲಿ, ಹರಿಯುವ ಕಡೆ, ಮೊಣಕಾಲು ಆಳದಲ್ಲಿ ತಾಪ ನೋಡುತ್ತೇನೆ. 75 ಫ್ಯಾರನ್‌ಹೀಟ್‌ನ ಕೆಳಗಿದ್ದರೆ ಮಧ್ಯಾಹ್ನದವರೆಗೆ ನಿಶ್ಚಿಂತೆ. 80ರ ಆಸುಪಾಸಿದ್ದರೆ ಹತ್ತು ಗಂಟೆಗೆ ಗಂಟುಮೂಟೆ. ಬೆಳಗ್ಗೆಯೇ 83–84 ಇದ್ದರೆ ಗಾಳ ಕಾರಿನಿಂದ ಇಳಿಯುವುದೇ ಇಲ್ಲ. ಹಿಂದಿನ ರಾತ್ರಿ ಹೊರಗಿನ ತಾಪ 70ರ ಕೆಳಗೆ ಇಳಿಯದಿದ್ದರೆ ನೀರು ತಣಿದಿರುವುದಿಲ್ಲ. ಶುಕ್ರವಾರದ ಹವಾಮಾನ ನೋಡುವಾಗ ಹಗಲಿನ ಬಿಸಿಲಿಗಿಂತ ರಾತ್ರಿಯ ಅಂಕೆ ನೋಡಿ.

ಇನ್ನೊಂದು ಗುಟ್ಟು. ಊರಿಂದ ಅಪ್ಪ-ಅಮ್ಮ ಬಂದಾಗ ಲೂರೇ ಗುಹೆ ತೋರಿಸಲು ಕರೆದುಕೊಂಡು ಹೋಗಿರುತ್ತೀರಿ, ಅಲ್ವಾ? ಒಳಗೆ ವರ್ಷವಿಡೀ 54 ಡಿಗ್ರಿ ಫ್ಯಾರನ್‌ಹೀಟ್. ಅಮ್ಮ ಸೆರಗು ಹೊದ್ದುಕೊಂಡಿರುತ್ತಾರೆ. ಆ ಕಣಿವೆಯ ನೆಲವೆಲ್ಲ ಸುಣ್ಣಕಲ್ಲು. ಅದರೊಳಗೆ ಇಂಗಿದ ನೀರೂ ಹೆಚ್ಚುಕಮ್ಮಿ ಅಷ್ಟೇ ತಂಪಾಗಿ ನದಿಯ ದಡದಲ್ಲಿ, ಕೆಲವು ಸಲ ನದಿಯ ತಳದಲ್ಲೇ ಒರತೆಯಾಗಿ ಏಳುತ್ತದೆ. ಮಳೆ ಇಲ್ಲದಾಗ ಸೌತ್ ಫೋರ್ಕ್ ಜೀವ ಹಿಡಿದಿರುವುದೇ ಈ ಒರತೆಗಳಿಂದ. ನಡೆಯುತ್ತಿರುವಾಗ ಒಂದು ಕಾಲಿಗೆ ಇದ್ದಕ್ಕಿದ್ದಂತೆ ಚಳಿ ಹತ್ತಿದರೆ ನಿಲ್ಲಿ. ಅದರ ಕೆಳಗಿನ ಇಪ್ಪತ್ತು ಅಡಿಯಲ್ಲಿ ಮೀನು ಇರುವ ಸಂಭವ ಹೆಚ್ಚು. ಕಡುಬೇಸಿಗೆಯಲ್ಲಿ ಮಾತ್ರ ಅಲ್ಲಿ ಗಾಳ ಹಾಕಬೇಡಿ. ಬಿಸಿ ತಾಳದೆ ಆಸರೆಗೆ ಬಂದು ಗುಂಪಾದ ಮೀನನ್ನು ಹಿಡಿಯುವುದರಲ್ಲಿ ಏನು ದೊಡ್ಡಸ್ತಿಕೆ? ಜಾಗ ಬರೆದಿಟ್ಟುಕೊಂಡು, ಮುಂದೆ ಹೋಗಿ.

ಜಾಗ

ನದಿಯ ದಡ ಬಹುಪಾಲು ಖಾಸಗಿಯವರದ್ದು. ಸುಮ್ನೆ ಯಾರದೋ ಹೊಲ ದಾಟಿ ಇಳಿಯಬೇಡಿ. ಬೆಂಟನ್‌ವಿಲ್ ಹತ್ತಿರದ ಶೆನಾಂಡೋವಾ ರಿವರ್ ಸ್ಟೇಟ್ ಪಾರ್ಕ್ ಮೊದಲ ಸಲಕ್ಕೆ ಒಳ್ಳೆಯದು. ಐದು ಮೈಲಿಗೂ ಜಾಸ್ತಿ ನದಿದಡ ಅಲ್ಲಿ ಸಿಗುತ್ತದೆ. ಶೌಚಾಲಯ ಇದೆ, ಮಕ್ಕಳಿಗೆ ಜಾಗ ಇದೆ. ಬೆಂಟನ್‌ವಿಲ್, ಕ್ಯಾರೋ ಮುಂತಾದ ಕಡೆ ರಾಜ್ಯದ ಸಾರ್ವಜನಿಕ ಇಳಿತಾಣಗಳಿವೆ.

ದೋಣಿಯೇ ಬೇಕು ಅನ್ನುವವರು ಸಾಮಾನ್ಯ ದಿನಕ್ಕೆ ಹಾಕಿಕೊಳ್ಳುವ ದೂರದ ಅರ್ಧ ಮಾತ್ರ ಹಾಕಿಕೊಳ್ಳಿ. ನೀರು ನಿಮ್ಮನ್ನು ತಳ್ಳುವುದಿಲ್ಲ, ನೀವೇ ಹುಟ್ಟು ಹಾಕಬೇಕು. ಸೌತ್ ಫೋರ್ಕ್‌ನಲ್ಲಿ ಕಲ್ಲುಸಾಲುಗಳು ನದಿಗೆ ಅಡ್ಡವಾಗಿ ಬೇಲಿ ಹಾಕಿದ ಹಾಗೆ ಇರುತ್ತವೆ. ದೋಣಿ ಬಾಡಿಗೆ ಕೊಡುವವರಿಗೆ ಹಿಂದಿನ ದಿನ ಫೋನ್ ಮಾಡಿ, ಎಲ್ಲೆಲ್ಲಿ ಇಳಿದು ಎಳೆಯಬೇಕು ಎಂದು ನೇರವಾಗಿ ಕೇಳಿ. ಲೂರೇ ಸುತ್ತಮುತ್ತ ಹಳೆಯ ಚಿಕ್ಕ ವಿದ್ಯುತ್ ಅಣೆಕಟ್ಟುಗಳೂ ಇವೆ. ಅವುಗಳ ಹತ್ತಿರ ಹೋಗಬಾರದು. ಗೊತ್ತಿಲ್ಲದೆ ಆ ಭಾಗಕ್ಕೆ ದೋಣಿ ಇಳಿಸಬೇಡಿ.

ಪರವಾನಗಿ ಮತ್ತು ಪಾಚಿ

ವರ್ಜೀನಿಯಾದಲ್ಲಿ 16 ವರ್ಷ ತುಂಬಿದವರಿಗೆ ಸಿಹಿನೀರಿನ ಮೀನುಗಾರಿಕೆಯ ಪರವಾನಗಿ ಬೇಕು. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಬೇಸಿಗೆಗೆ ಊರಿಂದ ಬಂದ ಮಾವನವರು ‘ನಾನೂ ಒಂದು ಸಲ ಹಾಕುತ್ತೇನೆ, ಕೊಡಪ್ಪ’ ಎಂದು ಗಾಳ ಹಿಡಿದರೆ ಅವರಿಗೂ ಬೇಕು. ಹೊರಗಿನಿಂದ ಬಂದವರಿಗೆ ಕೆಲವೇ ದಿನದ ಪರವಾನಗಿ ಸಿಗುತ್ತದೆ.

ಬರದಲ್ಲಿ ಇದಕ್ಕಿಂತ ಮುಖ್ಯವಾದದ್ದು ಪಾಚಿ. 2021ರ ಬೇಸಿಗೆಯಲ್ಲಿ ನಾರ್ತ್ ಫೋರ್ಕ್‌ನ ಐವತ್ತಕ್ಕೂ ಹೆಚ್ಚು ಮೈಲಿ ಉದ್ದಕ್ಕೆ ರಾಜ್ಯದ ಆರೋಗ್ಯ ಇಲಾಖೆ ನೀರಿಗಿಳಿಯಬೇಡಿ ಎಂಬ ಎಚ್ಚರಿಕೆ ಕೊಟ್ಟಿತ್ತು. ವಿಷ ಬಿಡುವ ಒಂದು ಬಗೆಯ ಪಾಚಿ ತಳದ ಕಲ್ಲಿಗೆ ಚಾಪೆಯ ಹಾಗೆ ಹತ್ತಿ, ಆಮೇಲೆ ಕಿತ್ತು ತೇಲುತ್ತದೆ. ನಾಯಿಗಳಿಗೆ ಇದು ಬಹಳ ಅಪಾಯ. ಇಲಾಖೆಯ ಪಾಚಿ ನಕ್ಷೆ ಆನ್‌ಲೈನಿನಲ್ಲಿದೆ, ಶುಕ್ರವಾರವೇ ನೋಡಿ. ಬುತ್ತಿಯ ಚಿತ್ರಾನ್ನ ಬಿಚ್ಚುವ ಮುಂಚೆ ಮನೆಯಿಂದ ತಂದ ನೀರಿನಲ್ಲಿ ಕೈ ತೊಳೆಯಿರಿ, ನದಿಯ ನೀರಿನಲ್ಲಿ ಬೇಡ.

ಮೀನು ಮನೆಗೆ ತಂದು ಸಾರು ಮಾಡುವ ಆಸೆ ಇದ್ದರೆ ಕೈಬಿಡಿ. ವೇನ್ಸ್‌ಬರೋದ ಒಂದು ಕಾರ್ಖಾನೆಯಿಂದ ದಶಕಗಳ ಹಿಂದೆ ಸೋರಿದ ಪಾದರಸ ಸೌತ್ ರಿವರ್ ಎಂಬ ಉಪನದಿಯ ಮೂಲಕ ಈ ನದಿಗೆ ಬಂದಿದೆ. ಇವತ್ತಿಗೂ ಇಲ್ಲಿನ ಮೀನು ತಿನ್ನುವ ಬಗ್ಗೆ ಆರೋಗ್ಯ ಇಲಾಖೆಯ ಎಚ್ಚರಿಕೆ ಇದೆ. ಹಿಡಿದು ಬಿಡುವುದೇ ಸರಿ.

ಗಾಳದ ಪೆಟ್ಟಿಗೆ

ಕಡಿಮೆ ತನ್ನಿ. ತಿಳಿನೀರಿನಲ್ಲಿ ಮೀನಿಗೆ ಎಲ್ಲವೂ ಕಾಣುತ್ತದೆ, ನೀವೂ ಕಾಣುತ್ತೀರಿ. ದಪ್ಪ ದಾರ, ಹೊಳೆಯುವ ದೊಡ್ಡ ಲ್ಯೂರ್, ಪಟಾರ್ ಎಂದು ಬೀಳುವ ತೂಕ ಯಾವುದೂ ನಡೆಯುವುದಿಲ್ಲ. ಆರರಿಂದ ಎಂಟು ಪೌಂಡ್ ಭಾರ ತಡೆಯುವ ಫ್ಲೋರೊಕಾರ್ಬನ್ ದಾರ. ಎರಡೂವರೆ–ಮೂರು ಇಂಚಿನ ಮೆತ್ತನೆಯ ಟ್ಯೂಬ್ (ಟೊಳ್ಳು ಲ್ಯೂರ್), ನೆಡ್ ರಿಗ್ (ಪುಟ್ಟ ತೂಕದ ಕೊಕ್ಕೆಗೆ ಸಿಕ್ಕಿಸಿದ ಮೆತ್ತನೆಯ ಹುಳದಂಥ ಲ್ಯೂರ್), ತೂಕ ಹಾಕದ ಮೆತ್ತನೆಯ ನಕಲಿ ಮೀನು. ಬಣ್ಣ ಕಂದು ಅಥವಾ ಕೊಳಕು ಹಸಿರು. ಈ ಮೀನಿನ ಮುಖ್ಯ ಊಟ ಕ್ರೇಫಿಶ್, ನಮ್ಮ ಸಿಗಡಿಯ ಸೋದರಸಂಬಂಧಿ. ಕಲ್ಲಿನ ಬಣ್ಣದ್ದು. ನಿಮ್ಮ ಲ್ಯೂರ್ ಅದರ ಹಾಗೆ ತಳದಲ್ಲಿ ತೆವಳಬೇಕು. ಬೆಳಗಿನ ಮೊದಲ ಒಂದು ಗಂಟೆಗೆ ಮಾತ್ರ ನೀರಿನ ಮೇಲೆ ತೇಲುವ ಚಿಕ್ಕ ಪಾಪರ್ ಇರಲಿ. ಅದರ ಮೇಲೆ ಮೀನು ಎಗರುವ ಸದ್ದು ಒಮ್ಮೆ ಕೇಳಿದರೆ ಬೆಳಗ್ಗೆ ನಾಲ್ಕಕ್ಕೆ ಎದ್ದದ್ದು ಮರೆತುಹೋಗುತ್ತದೆ.

ದಾರ ಸಣ್ಣದಿರಲಿ, ರಾಡ್ ಮಾತ್ರ ತೀರಾ ಬಡಕಲು ಬೇಡ. ಮೀಡಿಯಂ ಶಕ್ತಿಯದ್ದು ಬೇಕು. ಬಿಸಿನೀರಿನಲ್ಲಿ ಮೀನನ್ನು ಐದು ನಿಮಿಷ ಆಟವಾಡಿಸುವುದು ಅದನ್ನು ಕೊಲ್ಲುವ ದಾರಿ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕುಳದಲ್ಲಿ ಒತ್ತಿ ಮಲಗಿಸಿ. ರಬ್ಬರ್ ಬಲೆ ಇರಲಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಫೋಟೊ ಬೇಕೆಂದರೆ ಮೊದಲು ಕ್ಯಾಮೆರಾ ತಯಾರು ಮಾಡಿ, ಆಮೇಲೆ ಮೀನು ಎತ್ತಿ. ನೀವು ಉಸಿರು ಹಿಡಿದುಕೊಳ್ಳಿ. ನಿಮಗೆ ಉಸಿರು ಬೇಕು ಅನ್ನಿಸುವ ಮುಂಚೆ ಅದು ನೀರಿನಲ್ಲಿರಬೇಕು. ಈ ನದಿಯಲ್ಲಿ ಒಂದು ಅಡಿ ಉದ್ದದ ಮೀನು ಬೆಳೆಯಲು ಮೂರ್ನಾಲ್ಕು ವರ್ಷ ಬೇಕು. 2004 ಮತ್ತು 2005ರಲ್ಲಿ ಶೆನಾಂಡೋವಾದಲ್ಲಿ ದೊಡ್ಡ ಮೀನುಗಳು ರಾಶಿ ರಾಶಿ ಸತ್ತವು. ನದಿ ಸುಧಾರಿಸಿಕೊಳ್ಳಲು ವರ್ಷಗಳೇ ಹಿಡಿದವು.

ನೀರಿನಲ್ಲಿ

ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಮೀನು ಸೆಳವಿಗೆ ಮುಖ ಮಾಡಿ ನಿಂತಿರುತ್ತದೆ, ನೀವು ಅದರ ಬೆನ್ನ ಹಿಂದೆ ಇರುತ್ತೀರಿ. ನಿಮ್ಮ ಕಾಲು ಎಬ್ಬಿಸಿದ ರಾಡಿಯೂ ಅದರ ಕಡೆ ಹೋಗುವುದಿಲ್ಲ. ಬಿಳಿ ಅಂಗಿ ಬೇಡ. ಸೂರ್ಯ ಬೆನ್ನಿಗಿದ್ದರೆ ನೆರಳು ಮುಂದೆ ಬೀಳುತ್ತದೆ, ನೋಡಿಕೊಳ್ಳಿ. ಉದ್ದಕ್ಕೆ ಎಸೆಯಿರಿ. ಮೊದಲ ಎಸೆತವೇ ಮುಖ್ಯ, ಮೂರನೆಯದಕ್ಕೆ ಮೀನಿಗೆ ವಿಷಯ ಗೊತ್ತಾಗಿರುತ್ತದೆ.

ಹುಡುಕಬೇಕಾದ ಜಾಗ ಬರದಲ್ಲಿ ಕಡಿಮೆಯಾಗುತ್ತದೆ. ಅದೊಂದೇ ಅನುಕೂಲ. ಎಲ್ಲಾ ಕಡೆ ಹಂಚಿಹೋಗಿದ್ದ ಮೀನು ಈಗ ಮಡುವಿನ ಬಾಯಲ್ಲಿ, ಕಲ್ಲುಸಾಲಿನ ಕೆಳಗಿನ ಕಪ್ಪು ಗೆರೆಯಲ್ಲಿ, ಬಾಗಿದ ಸಿಕಮೋರ್ ಮರದ ನೆರಳಿನಲ್ಲಿ, ನೀರುಹುಲ್ಲಿನ ಅಂಚಿನಲ್ಲಿ ಸೇರಿರುತ್ತದೆ. ಅರ್ಧ ಮೈಲಿ ಖಾಲಿ, ಆಮೇಲೆ ಒಂದು ಮಂಚದಷ್ಟು ಜಾಗದಲ್ಲಿ ಆರು ಮೀನು. ಖಾಲಿ ಜಾಗದಲ್ಲಿ ಹೊತ್ತು ಕಳೆಯಬೇಡಿ.

ಪಾಚಿ ಹತ್ತಿದ ಕಲ್ಲು ಎಣ್ಣೆ ಸವರಿದ ಹಾಗಿರುತ್ತದೆ. ಒಂದು ಕೋಲು ಇರಲಿ. ಪೊಟೋಮ್ಯಾಕ್‌ನ ಮೇರಿಲ್ಯಾಂಡ್ ಕಡೆ ಹೋಗುವುದಾದರೆ ಉಣ್ಣೆಯಂಥ ಫೆಲ್ಟ್ ಅಟ್ಟೆಯ ಬೂಟು ಬೇಡ. ಪರಕೀಯ ಪಾಚಿ ಹರಡುತ್ತದೆಂದು ಆ ರಾಜ್ಯ 2011ರಿಂದ ಅದನ್ನು ನಿಷೇಧಿಸಿದೆ. ದಡದ ಬಂಡೆಗಳ ಸಂದಿಯಲ್ಲಿ ಕಾಪರ್‌ಹೆಡ್ ಹಾವು ಇರಬಹುದು, ನೋಡದೆ ಕೈ ಇಡಬೇಡಿ. ಮಜ್ಜಿಗೆ ಜಾಸ್ತಿ ತನ್ನಿ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಜುಲೈ–ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಮಧ್ಯದ ಮೇಲೆ ಹೋಗಿ. ಬರ ಹಾಗೇ ಇದ್ದರೂ ರಾತ್ರಿ ತಂಪಾಗಿ, ನೀರು 70ರ ಕಡೆ ಇಳಿದಿರುತ್ತದೆ. ಮೀನು ಚಳಿಗಾಲಕ್ಕೆ ಮೈ ತುಂಬಿಕೊಳ್ಳುವ ಹೊತ್ತು ಅದು.

ಗಾಳ ಇಲ್ಲದ ಪ್ರವಾಸ

ತಾಪ ಜಾಸ್ತಿ ಇದ್ದು ಗಾಳ ಕಾರಿನಲ್ಲೇ ಉಳಿದ ದಿನ ವಾಪಸ್ ಬರಬೇಡಿ. ಫೋನು, ಒಂದು ಪುಟ್ಟ ನೋಟ್‌ಬುಕ್ ಹಿಡಿದು ನದಿಯೊಳಗೆ ನಡೆಯಿರಿ. ತುಂಬಿದ ನದಿ ಬರೀ ಮುಖ ತೋರಿಸುತ್ತದೆ, ಬತ್ತಿದ ನದಿ ಹೊಟ್ಟೆಯನ್ನೇ ತೋರಿಸುತ್ತದೆ. ಯಾವ ಬಂಡೆಯ ಹಿಂದೆ ಗುಂಡಿ ಇದೆ, ಯಾವ ಕಲ್ಲುಸಾಲಿನಲ್ಲಿ ಕಿಂಡಿ ಇದೆ, ಮುರಿದು ಬಿದ್ದ ಮರ ಎಲ್ಲಿ ಸಿಕ್ಕಿಕೊಂಡಿದೆ, ಒರತೆ ಎಲ್ಲಿ ಏಳುತ್ತದೆ, ಎಲ್ಲ ಬಟಾಬಯಲು. ಪ್ರತಿಯೊಂದರ ಫೋಟೊ ತೆಗೆಯಿರಿ. ದಡದ ಒಂದು ಮರ, ವಿದ್ಯುತ್ ಕಂಬ, ಏನಾದರೂ ಗುರುತು ಫೋಟೊದಲ್ಲಿ ಬರಲಿ. ಕೆಳಗೆ ಅವತ್ತಿನ ಕ್ಯೂಸೆಕ್ ಬರೆಯಿರಿ.

ನನ್ನ ನೋಟ್‌ಬುಕ್ಕಿನಲ್ಲಿ ಅಂಥ ಹನ್ನೊಂದು ಜಾಗಗಳಿವೆ. ಅದರಲ್ಲಿ ನಾಲ್ಕನೆಯದು, ನಾನು ಆವತ್ತು ಬೈದುಕೊಳ್ಳುತ್ತಾ ದೋಣಿ ಎಳೆದ ಕಲ್ಲುಸಾಲು. ಮಾರನೆಯ ವರ್ಷ ಮೇ ತಿಂಗಳಲ್ಲಿ ನದಿ ತುಂಬಿ ಹರಿಯುವಾಗ ಅಲ್ಲಿಗೆ ಹೋದೆ. ನೀರು ಸಪಾಟು, ಮೇಲೆ ಒಂದು ಸುಳಿಯೂ ಇಲ್ಲ. ಪಕ್ಕದಲ್ಲಿ ಇಬ್ಬರು ದೋಣಿಯವರು ಆ ಜಾಗ ದಾಟಿ ನೇರ ಹೋದರು. ನಾನು ಹಳೆಯ ಫೋಟೊ ಹೊರತೆಗೆದು ನೋಡಿದೆ, ಸಿಕಮೋರ್ ಮರಕ್ಕೆ ನೇರ ನಿಂತೆ, ಎಡಕ್ಕೆ ಹತ್ತು ಅಡಿ ಲೆಕ್ಕ ಹಾಕಿ ಎಸೆದೆ.